ಗಾಜಿನ ಗೋಡೆ

ಮನೆಯೆಂದರೆ ಗೋಡೆಗಳಷ್ಟೇ ಅಲ್ಲ. ಗೋಡೆಗಳ ನಡುವೆ ಉಳಿದ ಬಯಲೂ ಹೌದು. ನಾವು ಬಾಳುವುದು ಆ ಬಯಲಿನಲ್ಲಿಯೇ. ಅದು ವಿಶಾಲವೆಂದೋ ಇಕ್ಕಟ್ಟೆಂದೋ ತೋರುವುದು ಬರಿಯ ಅಳತೆಯಿಂದಲ್ಲ, ಕಣ್ಣು ಎಷ್ಟು ದೂರ ಹರಿಯಬಲ್ಲದು ಎಂಬುದರಿಂದ. ಹತ್ತು ಅಡಿಯ ಕೋಣೆಗೆ ದೊಡ್ಡದೊಂದು ಗಾಜಿನ ಕಿಟಕಿಯನ್ನಿಟ್ಟರೆ ಹೊರಗಿನ ಮರವೂ ಆಕಾಶವೂ ಆ ಕೋಣೆಗೇ ಸೇರಿದಂತೆ ಭಾಸವಾಗುತ್ತದೆ. ಗೋಡೆಯನ್ನು ಇದ್ದೂ ಇಲ್ಲದಂತೆ ಮಾಡುವುದೇ ಗಾಜಿನ ಮಹಿಮೆ.

1851ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ನಿರ್ಮಿಸಿದ ಸ್ಫಟಿಕ ಭವನವು ಈ ಮಹಿಮೆಯನ್ನು ಲೋಕಕ್ಕೆ ತೋರಿಸಿತು. ಅದರಿಂದ ಪ್ರೇರಿತವಾದ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಅಲ್ಲಿ ನೆರೆಯುವ ಜನರಿಗೆ ಸೂರಿನ ಕೆಳಗಿದ್ದೂ ತೋಟದಲ್ಲಿಯೇ ನಿಂತ ಅನುಭವವಾಗುತ್ತದೆ. ಅಲ್ಲಿ ಗಾಜು ಬೆಳಕನ್ನೂ ಜನರನ್ನೂ ಒಟ್ಟಿಗೆ ಒಳಗೆ ಕರೆಯುತ್ತದೆ.

ಅದೇ ಗಾಜು ಇಂದು ಬೆಂಗಳೂರಿನ ಪೂರ್ವ ಭಾಗದಲ್ಲಿ ಬೇರೊಂದು ರೂಪ ತಾಳಿದೆ. ದೊಡ್ಡನೆಕ್ಕುಂದಿ ಒಂದು ಕಾಲಕ್ಕೆ ಕೆರೆಯ ಮಗ್ಗುಲಿನ ಹಳ್ಳಿ. ಈಗ ಅದರ ಬಳಿಯ ಹೊರವರ್ತುಲ ರಸ್ತೆಯುದ್ದಕ್ಕೂ ಗಾಜು ಹೊದ್ದ ಕಚೇರಿಗಳು ಎದ್ದು ನಿಂತಿವೆ. ಹಗಲಿನಲ್ಲಿ ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಆದುದರಿಂದ ದಾರಿಹೋಕನಿಗೆ ಅವು ಕನ್ನಡಿಗಳು. ಅವನಿಗೆ ಕಾಣುವುದು ಮೋಡ, ವಾಹನಗಳ ಸಾಲು ಮತ್ತು ತನ್ನದೇ ಬಿಂಬ. ಒಳಗಿನವರಿಗೆ ಊರೆಲ್ಲ ಕಾಣುತ್ತದೆ. ಆದರೆ ಊರಿನ ಗಾಳಿ ತಾಕದು, ಮೊದಲ ಮಳೆಯ ಮಣ್ಣಿನ ಕಂಪು ತಲಪದು. ಕಣ್ಣಿಗೆ ದೊರೆತ ಬಯಲು ಬಾಳಿಗೆ ದೊರೆಯಲಿಲ್ಲ.

ನಮ್ಮ ಹಿರಿಯರ ಜಗಲಿಯನ್ನು ನೆನೆಯಿರಿ. ಅದು ಮನೆಯೂ ಹೌದು, ಬೀದಿಯೂ ಹೌದು. ಅಲ್ಲಿ ಕುಳಿತವರೂ ಬೀದಿಯಲ್ಲಿ ನಡೆಯುವವರೂ ಪರಸ್ಪರ ನೋಡುತ್ತಿದ್ದರು, ಮಾತನಾಡಿಸುತ್ತಿದ್ದರು. ಒಳಗು ಹೊರಗುಗಳನ್ನು ಅದು ನಿಜವಾಗಿ ಕೂಡಿಸುತ್ತಿತ್ತು. ಕನ್ನಡಿಯಂಥ ಗಾಜು ಕೂಡಿಸಿದಂತೆ ತೋರಿಸಿ ಅಗಲಿಸುತ್ತದೆ.

ಗಾಜನ್ನು ತೊರೆಯಬೇಕೆಂದು ಇದರ ಅರ್ಥವಲ್ಲ. ಹಗಲಿನಲ್ಲಿ ದೀಪದ ಹಂಗನ್ನು ತಪ್ಪಿಸುವ ಉಪಕಾರ ಅದರದು. ಆದರೆ ಬಿಸಿಲು ಅದರ ಮೂಲಕ ಸುಲಭವಾಗಿ ಒಳಬರುತ್ತದೆ. ಒಳಗೆ ಕೂಡಿದ ಶಾಖ ಹಾಗೆ ಹೊರಹೋಗದು. ಚಳಿಯ ದೇಶಕ್ಕೆ ಇದು ವರ. ನಮ್ಮ ಬಿಸಿಲಿಗೆ ಯಂತ್ರದಿಂದ ತಂಪು ಮಾಡಬೇಕಾದ ಹೊರೆ. ತೆರೆಯಲು ಬರುವ ಕಿಟಕಿ, ಮೇಲೊಂದು ಸಜ್ಜಾ, ಎದುರಿಗೊಂದು ಮರ ಇವುಗಳೊಡನೆ ಬಳಸಿದ ಗಾಜು ನಮ್ಮ ನೆಲಕ್ಕೆ ಒಪ್ಪುತ್ತದೆ.

ನಾಳೆ ಮನೆಗಳನ್ನೂ ಊರುಗಳನ್ನೂ ಕಟ್ಟುವವರು ಇಂದಿನ ವಿದ್ಯಾರ್ಥಿಗಳೇ. ಕಟ್ಟಡವೊಂದು ಎಷ್ಟು ಹೊಳೆಯುತ್ತದೆಂದು ಕೇಳುವ ಮೊದಲು, ಅದು ತನ್ನ ನೆರೆಯವರಿಗೆ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂದು ಅವರು ಕೇಳಬೇಕು.