ಬೆಲ್ಲ ಹಾಕಿದ ಮಾತ್ರಕ್ಕೆ ಹೆಲ್ದಿ ಆಗಲ್ಲ

ಒಲೆ ಹಚ್ಚದೆ ಮಾಡೋ ಕೊಬ್ಬರಿ ಉಂಡೆ ಈಗ ನಮ್ಮ ಜಯನಗರ, ಬನಶಂಕರಿ ಕಡೆನೂ ‘ನೋ ಬೇಕ್ ಹೆಲ್ದಿ ಸ್ವೀಟ್’ ಆಗಿದೆ. ನಮ್ಮಜ್ಜಿಯರ ತಂಬಿಟ್ಟಿಗೆ ಯಾವ ಓವನ್ ಇತ್ತು ಹೇಳಿ! ಹೆಸರು ಏನಾದ್ರೂ ಇರಲಿ, ‘ಹೆಲ್ದಿ’ ಅನ್ನೋ ಮಾತಿಗೆ ಮಾತ್ರ ನನ್ನ ತಕರಾರು.

ನಾನು ಮಾಡೋದು ಹೀಗೆ: 100 ಗ್ರಾಂ ಒಣಕೊಬ್ಬರಿ ತುರಿ, 75 ಗ್ರಾಂ ಹುರಿಗಡಲೆ ಪುಡಿ, 100 ಗ್ರಾಂ ಪುಡಿಬೆಲ್ಲ, 4 ಏಲಕ್ಕಿ. ಮಿಕ್ಸಿಲಿ ಒಂದು ಸುತ್ತು ತಿರುಗಿಸಿ, 2 ಚಮಚ ಬಿಸಿ ತುಪ್ಪ ಹಾಕಿ ಕಟ್ಟಿದ್ರೆ 12 ಉಂಡೆ. ಎಸೆನ್ಸು, ಬಣ್ಣ ಯಾವ್ದೂ ಬೇಡ. ತಿಪಟೂರು ಕೊಬ್ಬರಿಗೆ ಅದರದ್ದೇ ಘಮ ಇದೆ.

ಈಗ ಲೆಕ್ಕ ನೋಡಿ. ಒಂದು ಉಂಡೆಗೆ 8 ಗ್ರಾಂ ಬೆಲ್ಲ ಬಿತ್ತು. ಬೆಲ್ಲವೂ ಬಹುಪಾಲು ಸಕ್ಕರೆನೇ. ಸೇರಿಸಿಕೊಳ್ಳೋ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಮೂರು ಉಂಡೆಗೇ ಅದು ಹತ್ತಿರ ಹತ್ತಿರ ಮುಗೀತು. ಕಾಫಿ ಸಕ್ಕರೆ ಬೇರೆ. ಶುಗರ್ ಇರೋ ಮಾವನವರಿಗೆ ‘ಬೆಲ್ಲದ್ದು ತಾನೇ, ಇನ್ನೊಂದು ತಗೊಳ್ಳಿ’ ಅಂತ ಬಡಿಸ್ತೀವಲ್ಲ, ಅಪಾಯ ಇರೋದು ಅಲ್ಲೇ ಕಣ್ರೀ.

ಸಿಹಿನ ಸಿಹಿ ಅಂತಲೇ ಕರೆಯೋಣ. ಚಿಕ್ಕದಾಗಿ ಕಟ್ಟೋಣ, ಒಂದೇ ಒಂದು ತಿನ್ನೋಣ, ಖುಷಿಯಾಗಿ ತಿನ್ನೋಣ.