ಉದುರಿದ ಹೂವು ಸಾಲದೇ?

ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಒಂದು ಮರದ ಚಿತ್ರವಿದೆ. ಮರದ ಬಳಿ ಆರು ಮಂದಿ ಇದ್ದಾರೆ. ಆರು ಮಂದಿಗೂ ಬೇಕಾದದ್ದು ಹಣ್ಣೇ. ಒಬ್ಬನು ಮರವನ್ನು ಬುಡಸಹಿತ ಕಡಿಯಬೇಕೆನ್ನುತ್ತಾನೆ. ಎರಡನೆಯವನಿಗೆ ಕಾಂಡವನ್ನು ಕಡಿದರೆ ಸಾಕು. ಮೂರನೆಯವನಿಗೆ ಕೊಂಬೆ, ನಾಲ್ಕನೆಯವನಿಗೆ ರೆಂಬೆ. ಐದನೆಯವನು ಹಣ್ಣನ್ನಷ್ಟೇ ಕೀಳುತ್ತಾನೆ. ಆರನೆಯವನು ತಾನಾಗಿ ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಂಡು ತೃಪ್ತನಾಗುತ್ತಾನೆ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಷಟ್ ಲೇಶ್ಯೆಗಳನ್ನು ತಿಳಿಸಲು ಬಳಸಿದ ದೃಷ್ಟಾಂತವಿದು. ಹಸಿವು ಆರು ಮಂದಿಗೂ ಒಂದೇ, ಫಲವೂ ಒಂದೇ. ಭಾವ ಮಾತ್ರ ಬೇರೆ. ಮೊದಲನೆಯವನದು ಕೃಷ್ಣ ಲೇಶ್ಯೆ, ಕೊನೆಯವನದು ಶುಕ್ಲ ಲೇಶ್ಯೆ.

ಈ ಚಿತ್ರವನ್ನು ಕಂಡು ಕೈಮುಗಿದು ಬಂದ ಶ್ರಾವಕನು ಮಗಳ ಮದುವೆಯ ಊಟದ ಮೇಜನ್ನು ಅಲಂಕರಿಸುವಾಗ ಆರು ಮಂದಿಯಲ್ಲಿ ಯಾರ ಪಕ್ಕದಲ್ಲಿ ನಿಲ್ಲುತ್ತಾನೆ? ಹೂವಿನ ವಿಷಯ ಸಣ್ಣದೆಂದು ಈ ಪ್ರಶ್ನೆಯನ್ನು ತಳ್ಳಿಹಾಕುವವರುಂಟು. ಆದರೆ ಧರ್ಮವು ಪರೀಕ್ಷೆಗೆ ಒಳಗಾಗುವುದು ಸಣ್ಣ ವಿಷಯಗಳಲ್ಲಿಯೇ. ಮಾಂಸವನ್ನು ಬಿಡುವುದು ಜೈನನಿಗೆ ಕಷ್ಟವಲ್ಲ, ಹುಟ್ಟಿನಿಂದಲೇ ಬಿಟ್ಟಿರುತ್ತಾನೆ. ಬೇಡದ ಹೂವನ್ನು ಬಿಡುವುದು ಇಂದು ಕಷ್ಟವಾಗಿದೆ.

ಒಂದು ಕಾಲಕ್ಕೆ ಪಂಕ್ತಿಭೋಜನಕ್ಕೆ ಎಲೆ ಹಾಕಿ, ಎಲೆಯ ಮುಂದೆ ಒಂದೆಳೆ ರಂಗೋಲಿ ಬಿಟ್ಟರೆ ಅಲಂಕಾರ ಮುಗಿಯುತ್ತಿತ್ತು. ಈಗ ಪಂಕ್ತಿ ಹೋಗಿ ಮೇಜು ಬಂದಿದೆ. ವೃದ್ಧರಿಗೂ ಮೊಣಕಾಲು ನೋವಿನವರಿಗೂ ಅದರಿಂದ ಅನುಕೂಲವಾಗಿದೆ, ಅದನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಮೇಜಿನ ಹಿಂದೆಯೇ ಮೇಜಿನ ನಡುವಣ ಹೂಗುಚ್ಛವೂ ಬಂದಿತು. ಬೆಂಗಳೂರಿನ ಸುತ್ತಲಿನ ಪಾಲಿಹೌಸುಗಳಲ್ಲಿ ಬೆಳೆದ ಗುಲಾಬಿ, ಜರ್ಬೆರಾ, ಕಾರ್ನೇಷನ್‌ಗಳು ರಾತ್ರಿಯಿಡೀ ವಾಹನದಲ್ಲಿ ಪಯಣಿಸಿ ಬರುತ್ತವೆ. ನುಸಿ, ಥ್ರಿಪ್ಸ್ ಮೊದಲಾದ ಕೀಟಗಳು ಬಾರದಿರಲೆಂದು ಅವುಗಳಿಗೆ ಮತ್ತೆ ಮತ್ತೆ ಔಷಧಿ ಹೊಡೆದಿರುತ್ತಾರೆ. ಹೂವು ಏಕೇಂದ್ರಿಯವೆಂದು ಸಮಾಧಾನ ಪಟ್ಟುಕೊಳ್ಳುವವರು ಅದರ ಹಿಂದೆ ಸತ್ತ ತ್ರಸಜೀವಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೂವನ್ನು ಚುಚ್ಚಿ ನಿಲ್ಲಿಸುವುದು ಡೆಕೋರೇಷನ್‌ನವರು ಫೋಮ್ ಎಂದು ಕರೆಯುವ ಹಸಿರು ಇಟ್ಟಿಗೆಯಲ್ಲಿ. 1954ರಲ್ಲಿ ಅಮೆರಿಕದಲ್ಲಿ ತಯಾರಾಗತೊಡಗಿದ ಈ ವಸ್ತು ಫೀನಾಲ್-ಫಾರ್ಮಾಲ್ಡಿಹೈಡ್ ಎಂಬ ಪ್ಲಾಸ್ಟಿಕ್. ಅದು ಮಣ್ಣಿನಲ್ಲಿ ಕರಗದೆ ಪುಡಿಪುಡಿಯಾಗಿ ನೀರಿಗೆ ಸೇರುತ್ತದೆ. ಪುಷ್ಪಾಲಂಕಾರವನ್ನೇ ವೃತ್ತಿಯಾಗಿಸಿಕೊಂಡ ದೇಶದವರಿಗೂ ಇದು ಸಹಿಸದಾಗಿ, ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಅಣುವ್ರತದ ಹೆಸರನ್ನೂ ಕೇಳದವರು ಬಿಟ್ಟ ವಸ್ತುವನ್ನು ಅಣುವ್ರತಿಗಳ ಮಂಟಪದಲ್ಲಿ ಬಳಸುವುದು ಯಾವ ನ್ಯಾಯ?

ಊಟ ಮುಗಿದ ಮೇಲೆ ಮಂಟಪದ ಹಿಂಬಾಗಿಲಿಗೆ ಹೋಗಿ ನೋಡಬೇಕು. ಮೂರು ಗಂಟೆಯ ಶೋಭೆ ಅಲ್ಲಿ ಎಂಜಲೆಲೆಯೊಡನೆ ರಾಶಿ ಬಿದ್ದಿರುತ್ತದೆ. ಹೂವಿನ ಆಸೆಗೆ ಬಂದ ದನವು ತಂತಿ, ರಿಬ್ಬನ್, ಫೋಮಿನ ತುಣುಕುಗಳನ್ನೂ ಜೊತೆಯಲ್ಲಿಯೇ ನುಂಗುತ್ತದೆ. ಒಳಗೆ ಜೀವದಯೆಯ ಫಲಕ, ಹೊರಗೆ ಈ ದೃಶ್ಯ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಎಂದೋ ಕೊಟ್ಟಿದ್ದಾರೆ. ಅನರ್ಥದಂಡಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಉರಿಸುವುದು ಇವುಗಳೊಡನೆ ವನಸ್ಪತಿಯನ್ನು ಛೇದಿಸುವುದನ್ನೂ ಅವರು ಸ್ಪಷ್ಟವಾಗಿ ಹೆಸರಿಸುತ್ತಾರೆ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಶ್ರಾವಕನು ಕಾಲಮಿತಿ ಹಾಕಿಕೊಂಡು ನಿಯಮಿಸಬೇಕಾದವುಗಳನ್ನು ಎಣಿಸುವಾಗ ಭೋಜನ, ವಾಹನ, ಶಯನ, ಸ್ನಾನಗಳ ಸಾಲಿನಲ್ಲಿ ಕುಸುಮವೂ ಬರುತ್ತದೆ. ಗೃಹಸ್ಥನು ಹೂವನ್ನು ಮುಟ್ಟಲೇಬಾರದೆಂದು ಆಚಾರ್ಯರು ಹೇಳಲಿಲ್ಲ. ಬಳಸುವುದಾದರೆ ಪ್ರಯೋಜನವಿರಲಿ, ಪ್ರಮಾಣವಿರಲಿ ಎಂದರು. ಸಾವಿರ ಹೂವಿನ ಮೇಜಿನಲ್ಲಿ ಪ್ರಯೋಜನವೆಲ್ಲಿದೆ? ಪ್ರಮಾಣವೆಲ್ಲಿದೆ?

ಇದು ಪೂಜೆಯ ಹೂವಿನ ಚರ್ಚೆಯಲ್ಲ. ಬೀಸಪಂಥ, ತೇರಾಪಂಥಗಳ ನಡುವೆ ಆ ಕುರಿತು ನಡೆದ ವಾದವನ್ನು ಊಟದ ಮೇಜಿಗೆ ತರುವ ಅಗತ್ಯವಿಲ್ಲ. ಪೂಜೆಯಲ್ಲಿ ಹೂವನ್ನು ಒಪ್ಪುವವರೂ ಒಪ್ಪದವರೂ ಒಂದು ಮಾತಿಗೆ ಸಮ್ಮತಿಸಬಹುದು: ಜಿನನಿಗಲ್ಲದೆ ಅತಿಥಿಯ ಕಣ್ಣಿಗಾಗಿ ಮಾತ್ರ ಕಿತ್ತ ಹೂವಿಗೆ ಭಕ್ತಿಯ ರಕ್ಷೆಯಿಲ್ಲ.

ಸಮವಸರಣದಲ್ಲಿ ಪುಷ್ಪವೃಷ್ಟಿಯಾಗಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಯಿತು. ಅಷ್ಟ ಪ್ರಾತಿಹಾರ್ಯಗಳಲ್ಲಿ ಅದೂ ಒಂದು. ಆದರೆ ಅದು ದೇವತೆಗಳು ಸುರಿಸಿದ ಹೂಮಳೆ. ಯಾವ ತೋಟದ ಗಿಡವೂ ಅದಕ್ಕಾಗಿ ಬರಿದಾಗಲಿಲ್ಲ. ಅಕ್ಷಯ ತೃತೀಯೆಯ ಕಥೆಯೂ ಹಾಗೆಯೇ. ಹಸ್ತಿನಾಪುರದಲ್ಲಿ ಶ್ರೇಯಾಂಸ ಕುಮಾರನು ವೃಷಭ ಮುನೀಶ್ವರನಿಗೆ ನೀಡಿದ್ದು ಕಬ್ಬಿನ ರಸ. ದಾನವಾದ ಮೇಲೆ ಪಂಚಾಶ್ಚರ್ಯಗಳೊಡನೆ ಹೂವು ಬಿದ್ದಿತು. ಹೂವು ಚೆಲ್ಲಿ ಆತನು ದಾನವನ್ನು ಆರಂಭಿಸಲಿಲ್ಲ. ಮಹಾವೀರ ಜಯಂತಿ, ಅಕ್ಷಯ ತೃತೀಯೆಗಳೆರಡೂ ವಸಂತದಲ್ಲಿ ಬರುವ ಪರ್ವಗಳು. ಅಂದಿನ ಭೋಜನಶಾಲೆಯಲ್ಲಿ ಈ ಕ್ರಮವನ್ನು ನೆನೆಯುವುದು ಉಚಿತ.

ಹೂವನ್ನು ಕೊಳ್ಳದಿದ್ದರೆ ಬೆಳೆಗಾರನ ಗತಿಯೇನು ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದುದು. ಅದರಲ್ಲಿಯೂ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಹಡಗಲಿ ಸೀಮೆಯಲ್ಲಿ ಈ ಮಾತನ್ನು ಲಘುವಾಗಿ ಕಾಣುವಂತಿಲ್ಲ. ಊರಿನ ಹೆಸರೇ ಹೂವಿನ ಹಡಗಲಿ. ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪೆಗೆ ಹೂವು ಹೋಗುತ್ತಿತ್ತೆಂದು ಜನ ಹೇಳುತ್ತಾರೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಾಗಳದಂತಹ ಹಳ್ಳಿಗಳಿರುವ ಈ ಸೀಮೆಯಲ್ಲಿ ನಸುಕಿನಲ್ಲಿ ಮೊಗ್ಗು ಬಿಡಿಸಿಯೇ ದಿನದ ಕೂಲಿ ಗಳಿಸುವ ಹೆಣ್ಣುಮಕ್ಕಳಿದ್ದಾರೆ. ಅವರ ಅನ್ನಕ್ಕೆ ಅಡ್ಡ ಬರುವ ಅಹಿಂಸೆ ಅಹಿಂಸೆಯಲ್ಲ.

ಆದರೆ ಸತ್ಯವನ್ನು ನೋಡಬೇಕು. ಮೇಜಿನ ಮೇಲಿನ ಆಡಂಬರದಿಂದ ಹೊಟ್ಟೆ ತುಂಬುತ್ತಿರುವುದು ಈ ಬೆಳೆಗಾರನದಲ್ಲ. ಅಲ್ಲಿರುವುದು ಜರ್ಬೆರಾ, ಮಲ್ಲಿಗೆಯಲ್ಲ. ಮಲ್ಲಿಗೆ ಮೇಜಿನ ಹೂವೂ ಅಲ್ಲ. ಬೆಳಗಿನಲ್ಲಿ ಮೊಗ್ಗಾಗಿ ಬಂದು ಸಂಜೆಗೆ ಅರಳುವುದು ಅದರ ಗುಣ. ಮಲ್ಲಿಗೆ ಬಿರಿಯುವ ಹೊತ್ತಿಗೆ ರಾತ್ರಿಭೋಜನ ತ್ಯಾಗಿಯಾದ ಶ್ರಾವಕನ ಊಟ ಮುಗಿದಿರಬೇಕು. ಮುಡಿಗೆ, ಮಂಗಲ ಕಾರ್ಯಕ್ಕೆ ಬೇಕಾದಷ್ಟು ಮೊಳ ಮಲ್ಲಿಗೆಯನ್ನು ನೆರೆಯೂರಿನ ಬೆಳೆಗಾರನಿಂದ, ಚೌಕಾಸಿ ಮಾಡದೆ ಕೊಳ್ಳಲಿ. ಮೇಜಿಗೆ ಬೇಕಾದುದನ್ನು ಮರದ ಕೆಳಗಿನಿಂದ ಆಯ್ದು ತರಲಿ. ಇದರಿಂದ ಬೆಳೆಗಾರನಿಗೆ ನಷ್ಟವಿಲ್ಲ.

ಈ ಬಯಲು ಸೀಮೆಯಲ್ಲಿ ಆಯ್ದು ತರಲು ಏನಿದೆ ಎನ್ನುವವರು ಫಾಲ್ಗುಣದಿಂದ ಜ್ಯೇಷ್ಠದವರೆಗೆ ದಾರಿಬದಿಯನ್ನು ಕಣ್ದೆರೆದು ನೋಡಿಲ್ಲ. ಮಳೆಯಿಲ್ಲದ ಈ ತಿಂಗಳುಗಳಲ್ಲಿಯೇ ಮರಗಳು ಹೆಚ್ಚು ಹೂ ಸುರಿಸುತ್ತವೆ. ಮೊದಲು ಮುತ್ತುಗದ ಕೆಂಡದ ಬಣ್ಣದ ಹೂವು. ಆಮೇಲೆ ಹೊಂಗೆ, ಅದರ ನಸುಗೆಂಪು ಬಿಳಿಯ ಹೂವುಗಳು ಮರದಡಿಯಲ್ಲಿ ಅರಳು ಚೆಲ್ಲಿದಂತೆ ಬಿದ್ದಿರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಕಕ್ಕೆಯ ಹಳದಿ, ಗುಲ್‌ಮೊಹರಿನ ಕೆಂಪು. ಬಸದಿಯ ಅಂಗಳದಲ್ಲಿ ಸಂಪಿಗೆಯಿದ್ದರೆ ಅದರ ಬಿದ್ದ ಎಸಳುಗಳೂ ಉಂಟು. ಒಂದು ಹಿತ್ತಾಳೆಯ ತಟ್ಟೆ, ಅಡಕೆ ಹಾಳೆಯ ತಟ್ಟೆ ಅಥವಾ ನಯಗೊಳಿಸಿದ ತೆಂಗಿನ ಕರಟ ಸಾಕು. ನಡುವೆ ಹಳದಿ, ಸುತ್ತ ಬಿಳಿ, ಅಂಚಿಗೆ ಕೆಂಪು ಎಂದು ರಂಗೋಲಿಯ ಬಳ್ಳಿಯಂತೆ ಹರಡಿದರೆ ಎದುರು ಕುಳಿತವರ ಮುಖ ಮರೆಯಾಗುವುದಿಲ್ಲ, ಬಡಿಸುವವರ ಕೈಗೂ ಅಡ್ಡಿಯಿಲ್ಲ. ವೆಚ್ಚವಂತೂ ಇಲ್ಲವೇ ಇಲ್ಲ. ಮನೆಯ ಮಕ್ಕಳೇ ಮಾಡಬಹುದಾದ ಕೆಲಸವಿದು.

ಆದರೂ ಎಚ್ಚರ ಬೇಕು. ಬೆಳಕು ಚೆನ್ನಾಗಿ ಹರಿದ ಮೇಲೆಯೇ ಆಯಬೇಕು. ಬಿದ್ದ ಹೂವಿನಲ್ಲಿಯೂ ಇರುವೆ, ಜೇನುನೊಣಗಳಿರುತ್ತವೆ. ಆಯ್ದುದನ್ನು ನೆರಳಿನಲ್ಲಿ ಬಿಳಿಯ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಹರಡಿದರೆ ಅವು ತಾವಾಗಿ ಹೊರಟುಹೋಗುತ್ತವೆ. ಬೇವಿನ ಹೂವನ್ನು ಮರಕ್ಕೇ ಬಿಡುವುದು ಲೇಸು. ಅಲ್ಪ ಫಲ, ಬಹು ವಿಘಾತ ಎಂಬ ಕಾರಣಕ್ಕೆ ಸಮಂತಭದ್ರರು ತ್ಯಾಜ್ಯವೆಂದು ಎಣಿಸಿದವುಗಳಲ್ಲಿ ಅದೂ ಸೇರಿದೆ. ಕಣಗಿಲೆ ವಿಷದ ಗಿಡವಾದುದರಿಂದ ಊಟದ ಬಳಿಗೆ ತರಲೇಬಾರದು. ಬೋಗುಣಿಯಲ್ಲಿ ನೀರು ತುಂಬಿ ಹೂವು ತೇಲಿಬಿಡುವ ಪದ್ಧತಿಯೂ ಬೇಡ. ಸೋಸಿದ ನೀರಿಗೂ ಒಂದು ಮುಹೂರ್ತದ, ಎಂದರೆ 48 ನಿಮಿಷಗಳ ಮಿತಿಯುಂಟೆಂದು ತಿಳಿದವರು ದಿನವಿಡೀ ನೀರನ್ನು ನಿಲ್ಲಿಸುವುದು ಹೇಗೆ? ಒಂದು ಹೊತ್ತಿನ ಊಟಕ್ಕೆ ಉದುರಿದ ಹೂವು ನೀರಿಲ್ಲದೆಯೇ ತಾಳುತ್ತದೆ.

ಇನ್ನೊಂದು ಮಾತು. ಪರರ ಹಿತ್ತಲಿನ ಮರದಡಿಯಲ್ಲಿ ಬಿದ್ದುದನ್ನು ಕೇಳದೆ ತರುವಂತಿಲ್ಲ. ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಕೊಡದ ಪರವಸ್ತುವನ್ನು ತೆಗೆದುಕೊಳ್ಳಬಾರದೆಂಬುದು ಅಚೌರ್ಯಾಣುವ್ರತದ ಲಕ್ಷಣ. ಕೇಳಿದರೆ ಬೇಡವೆನ್ನುವ ನೆರೆಯವರು ಹಳ್ಳಿಗಳಲ್ಲಿ ಅಪರೂಪ.

ಹೂವೇ ಬೇಕೆಂದೂ ಇಲ್ಲ. ಹಿಂಗಾರಿ ಜೋಳದ ರಾಶಿಯಾದ ದಿನಗಳಲ್ಲಿ ನಾಲ್ಕು ಬಿಳಿಜೋಳದ ತೆನೆಗಳನ್ನು ಮಣ್ಣಿನ ಕುಡಿಕೆಯಲ್ಲಿ ನಿಲ್ಲಿಸಿದರೆ ಈ ನೆಲಕ್ಕೆ ಅದಕ್ಕಿಂತ ಸಹಜವಾದ ಶೋಭೆಯಿಲ್ಲ. ಮರುದಿನ ಅದು ಹಕ್ಕಿಗಳಿಗೆ ಆಹಾರ. ಬೇಸಗೆಯಲ್ಲಿ ಬಟ್ಟಲು ತುಂಬ ಮಾವಿನ ಹಣ್ಣಿಟ್ಟರೆ ಊಟದ ಕೊನೆಗೆ ಅಲಂಕಾರವೇ ಪ್ರಸಾದವಾಗುತ್ತದೆ. ಕುಂಡದಲ್ಲಿ ಬೇರುಸಹಿತ ಇರುವ ದವನ, ಮರುಗಗಳನ್ನು ಮೇಜಿನ ಮೇಲಿಟ್ಟು ಸಂಜೆಗೆ ಅಂಗಳಕ್ಕೆ ಮರಳಿಸಬಹುದು.

ಪ್ಲಾಸ್ಟಿಕ್ ಹೂವಿನಲ್ಲಿ ಜೀವವಿಲ್ಲ, ಆದುದರಿಂದ ಅದೇ ನಿಜವಾದ ಅಹಿಂಸೆ ಎಂಬ ಜಾಣತನದ ವಾದವೂ ಕೇಳಿಬರುತ್ತಿದೆ. ಸಾಯದ ಹೂವು ಕೊಲ್ಲದ ಹೂವಲ್ಲ. ಸುಟ್ಟರೆ ವಿಷದ ಹೊಗೆ, ಎಸೆದರೆ ದನದ ಹೊಟ್ಟೆಗೆ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನಂತೂ ಕೇಂದ್ರ ಸರ್ಕಾರವೇ 2022ರ ಜುಲೈ 1ರಿಂದ ನಿಷೇಧಿಸಿದೆ. ಟ್ರಸ್ಟಿನ ಮಂಟಪದಲ್ಲಿ ಅದು ಕಂಡರೆ ಧರ್ಮದೊಡನೆ ಕಾನೂನೂ ಮುರಿದಂತೆ.

ಈ ಆಡಂಬರದ ಭಾರ ಕೊನೆಗೆ ಬೀಳುವುದು ಬಡ ಶ್ರಾವಕನ ಮೇಲೆ. ಸಿರಿವಂತನು ಒಮ್ಮೆ ಮೇಜಿಗೆ ಹೂಗುಚ್ಛವಿಟ್ಟರೆ ಮುಂದಿನ ತಿಂಗಳು ಅದೇ ಮಂಟಪದಲ್ಲಿ ಮಗಳ ಮದುವೆ ಮಾಡುವ ಸಣ್ಣ ಅಂಗಡಿಯವನು ಸಾಲ ಮಾಡಿಯಾದರೂ ಇಡಬೇಕಾಗುತ್ತದೆ. ಇಡದಿದ್ದರೆ ಬೀಗರೆದುರು ತಲೆ ತಗ್ಗಿಸಬೇಕು. ಸಾಧರ್ಮಿಕನನ್ನು ಸಾಲಕ್ಕೆ ದೂಡುವ ಶೋಭೆಯನ್ನು ವಾತ್ಸಲ್ಯವೆಂಬ ಸಮ್ಯಕ್ತ್ವದ ಅಂಗದೊಡನೆ ಹೊಂದಿಸುವುದು ಯಾವ ಪಂಡಿತನಿಗೂ ಸಾಧ್ಯವಿಲ್ಲ. ಸಿರಿವಂತನ ಮನೆಯಲ್ಲಿಯೂ ಕರಟದೊಳಗಿನ ಕಕ್ಕೆಯ ಹೂವೇ ಇದ್ದರೆ ಬಡವನ ಮನೆಯ ಕರಟಕ್ಕೆ ನಾಚಿಕೆಯಿರುವುದಿಲ್ಲ.

ಆದುದರಿಂದ ಬಸದಿಗಳ ಟ್ರಸ್ಟುಗಳೇ ಮುಂದಾಗಬೇಕು. ಮಂಟಪವನ್ನು ಬಾಡಿಗೆಗೆ ಕೊಡುವ ಕರಾರಿನಲ್ಲಿ ಫೋಮ್, ಥರ್ಮೋಕೋಲ್, ಪ್ಲಾಸ್ಟಿಕ್ ಹೂವುಗಳಿಗೆ ಅವಕಾಶವಿಲ್ಲವೆಂದು ಒಂದು ಸಾಲು ಬರೆಯಬೇಕು. ಮೇಜಿಗೆ ತಟ್ಟೆ, ಕುಡಿಕೆಗಳನ್ನು ಟ್ರಸ್ಟೇ ಇಟ್ಟುಕೊಂಡು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಒಂದೇ ಬಗೆಯಲ್ಲಿ ಕೊಡಬೇಕು. ಹಾಗೆ ಉಳಿದ ಹಣ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಕ್ಕೆ ಸಲ್ಲಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಳದಲ್ಲಿ ಹೊಂಗೆ, ಕಕ್ಕೆ, ಸಂಪಿಗೆಗಳನ್ನು ನೆಡಬೇಕು. ಇದು ಹೊಸ ಮಾತೇನಲ್ಲ. ದೇವಾಲಯ, ಬಸದಿಗಳಿಗೆ ಹೂದೋಟವನ್ನು ದತ್ತಿಯಾಗಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಪ್ರಾಚೀನ ಬಸದಿಯು ಈ ಸೀಮೆಯಲ್ಲಿ ಜಿನಧರ್ಮ ಎಷ್ಟು ಹಿಂದೆ ಬೇರೂರಿತ್ತೆಂಬುದಕ್ಕೆ ಸಾಕ್ಷಿ. ಪೂರ್ವಿಕರು ಹೂವಿಗೆಂದು ನೆಲವನ್ನೂ ಗಿಡವನ್ನೂ ಕೊಟ್ಟರು. ಇಂದಿನವರು ಕೊಯ್ದ ಹೂವನ್ನು ತರಿಸಿ ತಿಪ್ಪೆಗೆ ಕೊಡುತ್ತಿದ್ದಾರೆ.

ಮಠದ ಗೋಡೆಯ ಆರನೆಯವನು ಹಸಿದು ಹಿಂದಿರುಗಲಿಲ್ಲ; ಅವನಿಗೂ ಹಣ್ಣು ದೊರೆಯಿತು. ಅವನು ಬಗ್ಗಿದ, ಅಷ್ಟೇ. ಈ ವಸಂತದಲ್ಲಿ ಹೊಂಗೆಯ ಮರದಡಿಯಲ್ಲಿ ಬಗ್ಗಲು ಜೈನ ಗೃಹಸ್ಥನಿಗೆ ನಾಚಿಕೆಯೇಕೆ?