ಮಳೆಗಾಲಕ್ಕೊಂದು ಸಂಘದ ಕಣಜ

ಕಳೆದ ವರ್ಷ ಪುನರ್ವಸು ಮಳೆ ಹಿಡಿದಿದ್ದ ದಿನಗಳಲ್ಲಿ ನಮ್ಮ ಸಂಘದ ಗೋದಾಮಿಗೆ ಸದಸ್ಯರೊಬ್ಬರು ಬಂದರು. ಒಂದೆಕರೆ ಅಡಿಕೆ, ಅದರ ನಡುವೆ ಒಂದಿಷ್ಟು ಕಾಫಿ ಗಿಡ, ಅಷ್ಟೇ ಅವರ ಆಸ್ತಿ. ಎರಡನೆಯ ಸಲದ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ ಎರಡನ್ನೂ ಸಾಲದ ಲೆಕ್ಕಕ್ಕೆ ಬರೆಸಿದರು. ಬರೆಸಿದ ಮೇಲೂ ಹೊರಡಲಿಲ್ಲ. ಮಳೆ ಕಡಿಮೆಯಾಗಲೆಂದು ಕಾಯುತ್ತಿದ್ದಾರೆ ಎಂದುಕೊಂಡೆವು. ಉಳಿದವರೆಲ್ಲ ಹೋದ ಮೇಲೆ ಮೆಲ್ಲಗೆ, "ಮೈಲುತುತ್ತ ಅರ್ಧ ಸಾಕು ಮಾರಾಯ್ರೆ, ಉಳಿದ ದುಡ್ಡಿಗೆ ಅಕ್ಕಿ ಏನಾದರೂ ಸಿಗಬಹುದಾ?" ಎಂದು ಕೇಳಿದರು. ಇಲ್ಲ ಎಂದೆವು. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಮರದ ಕೊಳೆರೋಗಕ್ಕೆ ಸಾಲ ಕೊಡುವ ಸಂಘದಲ್ಲಿ ಮನೆಯ ಹಸಿವಿಗೆ ಒಂದು ಸೇರು ಅಕ್ಕಿ ಇರಲಿಲ್ಲ. ಈ ಸಂಗತಿ ಅಂದಿನಿಂದ ನಮ್ಮನ್ನು ಕಾಡುತ್ತಿದೆ. ಮಹಾಸಭೆ ಹತ್ತಿರ ಬಂದಿರುವುದರಿಂದ ಇದನ್ನು ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮಲ್ಲಿ ಹಣ ಬರುವ ಕಾಲವೇ ಬೇರೆ, ಕಷ್ಟ ಬರುವ ಕಾಲವೇ ಬೇರೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಮುಗಿಸಿ ಕೈಗೆ ಬಂದ ದುಡ್ಡು ಗೊಬ್ಬರಕ್ಕೆ, ಹಳೆಯ ಸಾಲಕ್ಕೆ, ಮಕ್ಕಳ ಶಾಲೆಗೆ ಹಂಚಿ ಹೋಗುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗೆ ಕೈ ಬರಿದು. ಎಲೆಚುಕ್ಕಿ ರೋಗವೋ ಹಳದಿ ಎಲೆ ರೋಗವೋ ಬಂದ ತೋಟದವರ ಪಾಡು ಹೇಳುವುದೇ ಬೇಡ. ನಮ್ಮ ತೋಟದ ಆಳುಗಳಿಗಂತೂ ಮಳೆ ಬಿಡದ ದಿನ ಕೆಲಸವೂ ಇಲ್ಲ, ಕೂಲಿಯೂ ಇಲ್ಲ.

ಹಿಂದೆಯೂ ಮಳೆಗಾಲ ಹೀಗೇ ಇತ್ತು. ಆದರೆ ಮನೆಯಲ್ಲಿ ಕಣಜವಿತ್ತು. ಕಣಜ ಬರಿದಾದರೆ ಪಕ್ಕದ ಮನೆಯಿಂದ ಕೊಳಗ ಅಕ್ಕಿ ಕಡ ತಂದು, ಗದ್ದೆ ಕೊಯ್ಲಾದ ಮೇಲೆ ಹಿಂತಿರುಗಿಸುತ್ತಿದ್ದೆವು. ಅದನ್ನು ಯಾರೂ ದಾನ ಎನ್ನುತ್ತಿರಲಿಲ್ಲ. ಈಗ ಆ ಗದ್ದೆಗಳಲ್ಲಿ ಬಹಳಷ್ಟು ಅಡಿಕೆ ತೋಟಗಳಾಗಿವೆ. ಅಕ್ಕಿಯನ್ನು ನಾವೂ ಅಂಗಡಿಯಿಂದ ತರುತ್ತೇವೆ. ಕಡ ಕೊಡುವ ಮನೆಯೇ ಇಲ್ಲವಾಗಿದೆ.

ಸರ್ಕಾರವೇ ಅಕ್ಕಿ ಕೊಡುತ್ತಿರುವಾಗ ಸಂಘಕ್ಕೇಕೆ ಈ ಉಸಾಬರಿ ಎಂದು ಕೆಲವರು ಕೇಳಬಹುದು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯದ ಹಕ್ಕಿದೆ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯವೂ ಬಂತು. ಇವುಗಳಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಅದನ್ನು ನಾವು ಲಘುವಾಗಿ ಕಾಣಕೂಡದು. ಆದರೆ ಮದುವೆಯಾಗಿ ಬೇರೆ ಒಲೆ ಹೂಡಿದವರ ಹೆಸರು ಇನ್ನೂ ಹಳೆಯ ಚೀಟಿಯಲ್ಲೇ ಇರುತ್ತದೆ. ಅಸ್ಸಾಮಿನಿಂದ ತೋಟಕ್ಕೆ ಬಂದವರ ಚೀಟಿ ಊರಿನಲ್ಲಿರುತ್ತದೆ. 2022ರಿಂದ ಯಾವ ರಾಜ್ಯದ ಚೀಟಿಗೂ ಎಲ್ಲಿಯಾದರೂ ಧಾನ್ಯ ಪಡೆಯಬಹುದು ಎಂಬುದು ಅವರಲ್ಲಿ ಹಲವರಿಗೆ ತಿಳಿದಿಲ್ಲ, ಹೇಳುವವರೂ ಇಲ್ಲ. ಗಾಳಿಮಳೆಗೆ ಕರೆಂಟು ಹೋಗಿ ಬೆರಳಚ್ಚಿನ ಯಂತ್ರ ನಿಂತರೆ ಚೀಟಿ ಇದ್ದವರೂ ಚೀಲ ಮಡಿಸಿಕೊಂಡು ಹಿಂತಿರುಗಬೇಕು. ಅಕ್ಕಿ ಸಿಕ್ಕಿದರೂ ಬೇಳೆ, ಎಣ್ಣೆ, ಉಪ್ಪು ಬೇಕಲ್ಲ? ಸರ್ಕಾರದ ಪಡಿತರ ತಲುಪದ ಆ ಹದಿನೈದು ದಿನಗಳಿಗಾಗಿ ನಾವು ಕಣಜ ಕೇಳುತ್ತಿದ್ದೇವೆ.

ಲೆಕ್ಕವೇನೂ ದೊಡ್ಡದಲ್ಲ. ನೂರು ಸದಸ್ಯರು ಸುಗ್ಗಿಯ ಹಣ ಬಂದಾಗ ತಲಾ 5 ಕಿಲೋ ಅಕ್ಕಿಯ ಬೆಲೆ ತೆಗೆದಿಟ್ಟರೆ 5 ಕ್ವಿಂಟಾಲಾಯಿತು. ಒಂದು ಮನೆಗೆ 10 ಕಿಲೋದಂತೆ 50 ಸಲ ಕೊಡಬಹುದು. ಅಕ್ಕಿಯನ್ನು ಸುಗ್ಗಿಯಲ್ಲೇ ಕೊಂಡಿಟ್ಟರೆ ಹುಳು ಹಿಡಿದೀತು, ಮೇ ತಿಂಗಳ ಕೊನೆಗೆ ಕೊಂಡರೆ ಸಾಕು. ಮೈಲುತುತ್ತ, ಕೀಟನಾಶಕ ಇರುವ ಕೋಣೆಯಲ್ಲಿ ಮಾತ್ರ ಇಡಲೇಬಾರದು. ಬೇರೆ ಕೋಣೆಯಲ್ಲಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಬೇಕು.

ಅಕ್ಕಿ ಕೂಡಿಸುವುದಕ್ಕಿಂತ ಕೊಡುವ ರೀತಿಯೇ ಮುಖ್ಯವೆಂದು ನಾವು ತಿಳಿದಿದ್ದೇವೆ. ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ನಾವು ಹೇಳುವುದಿಲ್ಲ. ಧಣಿಯ ಮನೆಯಿಂದ ತಂದ ಅಕ್ಕಿ ಪುಸ್ತಕದಲ್ಲಿ ಸಾಲವಾಗಿ ಬೆಳೆದು, ಅಪ್ಪನ ಸಾಲಕ್ಕೆ ಮಗ ದುಡಿದದ್ದೂ ಉಂಟು. ಜೀತ ಪದ್ಧತಿಯನ್ನು ನಿರ್ಮೂಲ ಮಾಡಲು 1976ರಲ್ಲಿ ಕಾಯ್ದೆಯೇ ಬರಬೇಕಾಯಿತು. ಆದ್ದರಿಂದ ಸಂಘದ ಕಣಜಕ್ಕೆ ಸಾಲದ ಪುಸ್ತಕ ಬೇಡ. ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವಿರಲಿ, ಯಾರಿಗೆ ಹೋಯಿತು ಎಂಬುದು ಬೇಡ. ಅನುಕೂಲವಾದಾಗ ತಂದು ಹಾಕುವವರು ಹಾಕಲಿ. ಸದಸ್ಯ, ಆಳು ಎಂಬ ಭೇದ ಬೇಡ. ಕೊಡುವಾಗ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ತೋಟವಿದ್ದವನಿಗೆ ಅಕ್ಕಿ ಕೇಳುವುದು ಆಳಿಗಿಂತ ಕಷ್ಟ. ನಾಲ್ಕು ಜನರ ಮುಂದೆ ಕೇಳಬೇಕಾದರೆ ಅವನು ಉಪವಾಸವಾದರೂ ಇದ್ದಾನು.

ಸುಮ್ಮನೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತೂ ಬಂದೇ ಬರುತ್ತದೆ. ಆಷಾಢದ ಜಡಿಮಳೆಯಲ್ಲಿ ನಾವು ಅವರಿಗೆ ಕೊಡಲಿರುವ ಕೆಲಸ ಯಾವುದು ಎಂದು ಹೇಳಿದ ಮೇಲೆ ಆ ಮಾತಿಗೆ ಉತ್ತರ ಕೊಡೋಣ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು ರೈತನ ಕಷ್ಟಕಾಲಕ್ಕೆ ಒದಗಲೆಂದು. ನಮ್ಮ ಸಂಘವೂ ಆ ಮನೆತನದ್ದೇ. ಬರುವ ಮಹಾಸಭೆಯಲ್ಲಿ ಬೈಲಾಕ್ಕೆ ಹೊಂದುವಂತೆ ಕಣಜದ ಠರಾವು ಮಂಡಿಸುತ್ತೇವೆ. ಸದಸ್ಯರು ತಪ್ಪದೆ ಬಂದು ಪರವೋ ವಿರೋಧವೋ ಮಾತನಾಡಬೇಕು. ಮುಂದಿನ ಪುನರ್ವಸುವಿನಲ್ಲಿ ಆ ಸದಸ್ಯರು ಬಂದರೆ, ಮೈಲುತುತ್ತವನ್ನೂ ಅರ್ಧ ಮಾಡದೆ ಅಕ್ಕಿಯನ್ನೂ ಕೊಟ್ಟು ಕಳಿಸುವಂತಾಗಲಿ ಎಂಬುದಷ್ಟೇ ನಮ್ಮ ಆಸೆ.